ನಿಧಾನವಾಗಿ ಕಲಿಯುವ ಮಗುವೂ ಮನೆಯ ಮಾತೂ

ಕಸ ಗುಡಿಸುವುದಕ್ಕೆ ನೀವು ನಿತ್ಯವೂ ಬಳಸುವ ವಸ್ತುವಿಗೆ ನಿಮ್ಮ ಮನೆಯಲ್ಲಿ ಏನು ಹೆಸರು? ಮೈಸೂರಿನ ಕಡೆಯವರಾದರೆ ಪೊರಕೆ ಎನ್ನುವಿರಿ. ಧಾರವಾಡದ ಕಡೆಯವರಾದರೆ ಕಸಬರಿಗೆ ಎನ್ನುವಿರಿ. ದಕ್ಷಿಣ ಕನ್ನಡದವರಾದರೆ ಹಿಡಿಸೂಡಿ ಎನ್ನುವಿರಿ. ಮೂರೂ ಕನ್ನಡವೇ, ಮೂರರಿಂದಲೂ ಮನೆ ಚೊಕ್ಕಟವಾಗುತ್ತದೆ. ಈಗ ಆರು ವರ್ಷದ ಮಗುವೊಂದನ್ನು ಅಪರಿಚಿತರೊಬ್ಬರ ಮುಂದೆ ಕೂರಿಸಿ, ಚಿತ್ರಗಳಿರುವ ಹಾಳೆಯನ್ನು ಮುಂದಿಟ್ಟು, 'ಇದರಲ್ಲಿ ಪೊರಕೆ ಯಾವುದು, ತೋರಿಸು' ಎಂದು ಕೇಳಿದರೆನ್ನಿ. ಕಸಬರಿಗೆಯ ಮನೆಯಿಂದ ಬಂದ ಮಗು ಸುಮ್ಮನಿರುತ್ತದೆ. ಕೇಳಿದವರು 'ತಿಳಿಯದು' ಎಂದು ಬರೆದುಕೊಳ್ಳುತ್ತಾರೆ. ಆ ಮಗುವಿಗೆ ತಿಳಿಯದಿದ್ದುದು ವಸ್ತುವೇ, ಕೇಳಿದವರ ಮಾತೇ? ಹತ್ತಾರು ಪ್ರಶ್ನೆಗಳಲ್ಲಿ ಹೀಗೆಯೇ ಆಗಿ, ಕೊನೆಗೆ 'ಈ ಮಗುವಿನ ಬುದ್ಧಿ ಬೆಳೆದಿಲ್ಲ' ಎಂಬ ಚೀಟಿ ತಾಯಿತಂದೆಯರ ಕೈಗೆ ಬಂದರೆ, ಆ ಒಂದು ಚೀಟಿ ಮಗುವಿನ ಬಾಳಿನ ದಾರಿಯನ್ನೇ ತಿರುಗಿಸಿಬಿಡಬಹುದು.

ಇದು ಕನ್ನಡದೊಳಗಿನ ಭೇದದ ಮಾತಾಯಿತು. ನಮ್ಮ ರಾಜ್ಯದಲ್ಲಿರುವುದು ಒಂದೇ ಭಾಷೆಯಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 66 ಮಂದಿಯ ಮಾತೃಭಾಷೆ ಕನ್ನಡ. ಸುಮಾರು 11 ಮಂದಿಯದು ಉರ್ದು, ಸುಮಾರು 6 ಮಂದಿಯದು ತೆಲುಗು. ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ, ಮಲಯಾಳ, ಕೊಡವ, ಲಂಬಾಣಿ ಮಾತನಾಡುವ ಮನೆಗಳೂ ಉಂಟು. ಎಂದರೆ, ಮೂರು ಮಕ್ಕಳಲ್ಲಿ ಒಂದು ಮಗು ಹೊಸ್ತಿಲು ದಾಟಿದೊಡನೆ ಬೇರೊಂದು ಮಾತಿನ ಲೋಕಕ್ಕೆ ಕಾಲಿಡಬೇಕಾಗುತ್ತದೆ. ಚುರುಕಾದ ಮಗು ಒಂದೆರಡು ವರ್ಷಗಳಲ್ಲಿ ಎರಡನ್ನೂ ಅಳವಡಿಸಿಕೊಂಡೀತು. ಆದರೆ ಬುದ್ಧಿಯ ಬೆಳವಣಿಗೆಯೇ ನಿಧಾನವಾಗಿರುವ ಮಗುವಿನ ಗತಿಯೇನು? ಅಂಥ ಮಗುವನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಕಲಿಸುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಕುರಿತು ನಿಮ್ಮೊಡನೆ ಕೆಲವು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲು ಹೆಸರಿನ ಸಂಗತಿ. ಹಿಂದಿನವರು ಇಂಥ ಮಕ್ಕಳನ್ನು ಮಂದಬುದ್ಧಿಯವರು, ಬುದ್ಧಿಮಾಂದ್ಯರು ಎಂದು ಕರೆಯುತ್ತಿದ್ದರು. ಈಗ ಆ ಮಾತುಗಳನ್ನು ಬಿಟ್ಟಿದ್ದೇವೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನು ಬೌದ್ಧಿಕ ಅಂಗವೈಕಲ್ಯವೆಂದು ಹೇಳಿ, ಅದರ ಲಕ್ಷಣವನ್ನೂ ವಿವರಿಸಿದೆ. ಆ ಲಕ್ಷಣಕ್ಕೆ ಎರಡು ಭಾಗಗಳುಂಟು. ವಿಚಾರ ಮಾಡುವುದು, ಕಲಿಯುವುದು, ತೊಡಕನ್ನು ಬಿಡಿಸಿಕೊಳ್ಳುವುದು, ಇವುಗಳಲ್ಲಿ ಗಣನೀಯವಾದ ಕೊರತೆ ಇರಬೇಕು. ಅದರ ಜೊತೆಗೆ ದಿನದಿನದ ಬಾಳಿಗೆ ಬೇಕಾದ ನಡವಳಿಕೆಯಲ್ಲಿಯೂ ಕೊರತೆ ಇರಬೇಕು. ಈ 'ಜೊತೆಗೆ' ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮನೆಯಲ್ಲಿ ಎಲ್ಲವನ್ನೂ ವಯಸ್ಸಿಗೆ ತಕ್ಕಂತೆ ಮಾಡಿಕೊಂಡು ಹೋಗುವ ಮಗು ಶಾಲೆಯಲ್ಲಿ ಮಾತ್ರ ಮಂಕಾಗಿ ಕಂಡರೆ, ದೋಷವನ್ನು ಬೇರೆ ಕಡೆ ಹುಡುಕಬೇಕು.

ಇದು ಹುಚ್ಚಲ್ಲ, ಅಂಟುವ ಕಾಯಿಲೆಯಂತೂ ಅಲ್ಲವೇ ಅಲ್ಲ. ಡೌನ್ ಸಿಂಡ್ರೋಮ್ ಎಂಬ ಹುಟ್ಟಿನ ವ್ಯತ್ಯಾಸ, ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟುವುದು, ಎಳವೆಯಲ್ಲಿ ಮೆದುಳಿಗೆ ಬಂದ ಜ್ವರ, ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿಯ ಕೊರತೆ, ಹೀಗೆ ಕಾರಣಗಳು ಹಲವು. ಎಷ್ಟೋ ಮಕ್ಕಳಲ್ಲಿ ಕಾರಣ ಗೊತ್ತಾಗುವುದೇ ಇಲ್ಲ. ತಾಯಿಯ ತಪ್ಪೆಂದೋ ಪೂರ್ವಜನ್ಮದ ಫಲವೆಂದೋ ದೂರುವುದರಿಂದ ಮಗುವಿಗೆ ಒಂದು ಅಕ್ಷರವೂ ಬರುವುದಿಲ್ಲ. ತಾಯಿಯ ಎದೆ ಮಾತ್ರ ಒಡೆಯುತ್ತದೆ.

ಇನ್ನು ಬುದ್ಧಿಯನ್ನು ಅಳೆಯುವ ವಿಚಾರ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿ ಸಿಮೋನ್ ಅವರೂ ಸೇರಿ, ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗಲೆಂದು ಒಂದು ಪರೀಕ್ಷೆಯನ್ನು ರಚಿಸಿದರು. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಟರ್ಮನ್ ಅವರು ಅದನ್ನು ತಮ್ಮ ನಾಡಿನ ಮಕ್ಕಳಿಗೆ ಹೊಂದಿಸಿಕೊಂಡರು. ಆಮೇಲೆ ಅದು ನಮ್ಮ ಕಡೆಗೂ ಬಂತು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯೊಂದು ಇಲ್ಲಿದೆ. 1930ರ ದಶಕದಲ್ಲಿಯೇ ಡಾ. ವಿ. ವಿ. ಕಾಮತ್ ಅವರು ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ತಿದ್ದಿ ಸಿದ್ಧಪಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ.

ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದುಬಿಟ್ಟರೆ ಸಾಲದೇ, ತಿದ್ದುವುದೇಕೆ ಎಂದು ನೀವು ಕೇಳಬಹುದು. ಸಾಲದು. ಒಂದು ನಾಡಿನ ಐದು ವರ್ಷದ ಮಗುವಿಗೆ ಸುಲಭವಾದದ್ದು ಇನ್ನೊಂದು ನಾಡಿನ ಏಳು ವರ್ಷದ ಮಗುವಿಗೂ ಹೊಸದಾಗಿರಬಹುದು. ಹಿಮವನ್ನು ಕಾಣದ ಮಗುವಿಗೆ ಹಿಮದ ಪ್ರಶ್ನೆ ಬುದ್ಧಿಯ ಪರೀಕ್ಷೆಯಾಗದು, ಊರಿನ ಪರೀಕ್ಷೆಯಾಗುತ್ತದೆ. ಈ ಮಾತನ್ನು ಮರೆತರೆ ಎಂಥ ಅನ್ಯಾಯವಾದೀತೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಪ್ರಸಂಗವೊಂದನ್ನು ಹೇಳುತ್ತೇನೆ.

ಅಲ್ಲಿ ಮೆಕ್ಸಿಕೋ ಮೂಲದ ಕುಟುಂಬಗಳ ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ಸ್ಪ್ಯಾನಿಷ್. ಶಾಲೆಯವರು ಅವರನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ, ಬುದ್ಧಿ ಸಾಲದೆಂದು ಬೇರೆ ತರಗತಿಗೆ ಹಾಕಿದ್ದರು. ಒಂಬತ್ತು ಮಕ್ಕಳ ಪರವಾಗಿ ನ್ಯಾಯಾಲಯಕ್ಕೆ ದೂರು ಹೋಯಿತು. ಸ್ಪ್ಯಾನಿಷ್ ಬಲ್ಲವರೊಬ್ಬರು ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಿದಾಗ, ಒಂಬತ್ತರಲ್ಲಿ ಏಳು ಮಕ್ಕಳು ಆ ತರಗತಿಗೆ ಸೇರಬೇಕಾದವರೇ ಅಲ್ಲವೆಂದು ಗೊತ್ತಾಯಿತು. ಮಕ್ಕಳು ಅವರೇ, ಬುದ್ಧಿಯೂ ಅದೇ. ಬದಲಾದದ್ದು ಕೇಳಿದವರ ಭಾಷೆ. 1970ರಲ್ಲಿ ರಾಜ್ಯದ ಶಿಕ್ಷಣ ಮಂಡಲಿ ರಾಜಿಗೆ ಒಪ್ಪಿ, ಇನ್ನು ಮುಂದೆ ಮಕ್ಕಳನ್ನು ಅವರವರ ಮನೆಯ ಭಾಷೆಯಲ್ಲಿಯೂ ಪರೀಕ್ಷಿಸತಕ್ಕದ್ದೆಂದು ಮಾತು ಕೊಟ್ಟಿತು. ಡಯಾನಾ ಮೊಕದ್ದಮೆ ಎಂದು ಶಿಕ್ಷಣವೇತ್ತರು ಅದನ್ನು ಇಂದಿಗೂ ನೆನೆಯುತ್ತಾರೆ.

ಅದೇ ರಾಜ್ಯದ ಕಪ್ಪು ಜನರ ಮಕ್ಕಳ ಕಥೆಯೂ ಇಂಥದೇ. ಇಡೀ ರಾಜ್ಯದ ಶಾಲಾ ಮಕ್ಕಳಲ್ಲಿ ಅವರು ನೂರಕ್ಕೆ ಸುಮಾರು ಹತ್ತು ಮಂದಿ; ಬುದ್ಧಿ ಸಾಲದವರ ತರಗತಿಗಳಲ್ಲಾದರೋ ನೂರಕ್ಕೆ ಸುಮಾರು ಇಪ್ಪತ್ತೈದು ಮಂದಿ. 1979ರಲ್ಲಿ ನ್ಯಾಯಾಲಯ ಈ ಬಗೆಯ ವಿಂಗಡಣೆ ಪಕ್ಷಪಾತದ್ದೆಂದು ತೀರ್ಪಿತ್ತಿತು. ಈ ನಡುವೆ, 1969ರಲ್ಲಿ, ಆ ದೇಶದ ಅಧ್ಯಕ್ಷರ ಸಮಿತಿಯೊಂದು ಇಂಥ ಮಕ್ಕಳಿಗೆ 'ಆರು ಗಂಟೆಯ ಮಂದಬುದ್ಧಿಯವರು' ಎಂಬ ಹೆಸರನ್ನೇ ಬಳಸಿತ್ತು. ಎಂದರೆ, ಶಾಲೆಯಲ್ಲಿರುವ ಆರು ಗಂಟೆಗಳ ಕಾಲ ಮಾತ್ರ ಅವರು ಮಂದರು. ಗಂಟೆ ಬಾರಿಸಿ ಬೀದಿಗೆ ಬಂದೊಡನೆ ಅಂಗಡಿಗೆ ಹೋಗುತ್ತಾರೆ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ, ಜಗಳ ಬಿಡಿಸುತ್ತಾರೆ. 1975ರ ಅಮೆರಿಕದ ಕಾಯಿದೆ, ಒಂದೇ ಒಂದು ಪರೀಕ್ಷೆಯನ್ನು ನಂಬಿ ಮಗುವಿನ ಸ್ಥಾನವನ್ನು ಗೊತ್ತುಮಾಡಕೂಡದೆಂದೂ, ಸಾಧ್ಯವಾದ ಮಟ್ಟಿಗೆ ಮನೆಯ ಭಾಷೆಯಲ್ಲಿಯೇ ಪರೀಕ್ಷಿಸಬೇಕೆಂದೂ ವಿಧಿಸಿತು.

ಈಗ ನಮ್ಮ ಊರಿಗೆ ಮರಳೋಣ. ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಕಲಬುರಗಿ ಕಡೆಯ ತಾಂಡಾದ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಎಂಟು ವರ್ಷದ ಹುಡುಗ. ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ಅರೆಬರೆ ಹಿಂದಿ, ಶಾಲೆಯಲ್ಲಿ ಕನ್ನಡ. ಅಕ್ಷರ ಹತ್ತುತ್ತಿಲ್ಲ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾನೆ. ಇವನ ವಿಷಯದಲ್ಲಿ ತೀರ್ಮಾನಕ್ಕೆ ಬರುವ ಮೊದಲು ಮಾಡಬೇಕಾದ ಕೆಲಸಗಳು ನಾಲ್ಕು.

ಒಂದನೆಯದು, ಕಿವಿ ಮತ್ತು ಕಣ್ಣಿನ ಪರೀಕ್ಷೆ. ಕಿವಿ ಸರಿಯಾಗಿ ಕೇಳದ ಎಷ್ಟೋ ಮಕ್ಕಳು ದಡ್ಡರೆಂಬ ಹೆಸರು ಹೊತ್ತಿದ್ದಾರೆ. ಎರಡನೆಯದು, ಹುಡುಗನ ಮನೆಮಾತನ್ನು ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಮಾತನಾಡಿಸುವುದು. ಮೂರನೆಯದು, ಮಾತಿಲ್ಲದ ಪರೀಕ್ಷೆಗಳನ್ನೂ ಕೊಟ್ಟು ನೋಡುವುದು. ಹಲಗೆಯ ಗುಳಿಗಳಲ್ಲಿ ಸರಿಯಾದ ಆಕಾರದ ಮರದ ತುಂಡುಗಳನ್ನು ಕೂರಿಸುವ ಸೆಗ್ವಾ ಹಲಗೆ ಅಂಥದೊಂದು. ಇದರಲ್ಲಿಯೂ ಒಂದು ಎಚ್ಚರಿಕೆ ಬೇಕು. ಆಟದ ಸಾಮಾನನ್ನೇ ಮುಟ್ಟದ ಮಗುವಿಗೆ ಅದೂ ಹೊಸದೇ. ಕೈಯಾಡಿಸಿ ನೋಡಲು ಮೊದಲು ಸ್ವಲ್ಪ ಹೊತ್ತು ಕೊಡಬೇಕು. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ತಾಯಿಯನ್ನು ಕೇಳುವುದು. ಎಷ್ಟು ತಿಂಗಳಿಗೆ ಕೂತ, ಎಂದು ನಡೆದ, ಯಾವಾಗ ತೊದಲಿದ? ತಾನೇ ಉಣ್ಣುತ್ತಾನೆಯೇ? ಒಂದು ಚೊಂಬು ನೀರು ತಾ ಎಂದರೆ ತರುತ್ತಾನೆಯೇ? ಮೇಕೆಯನ್ನು ಕಟ್ಟಿ ಬಾ, ಆಮೇಲೆ ಬಾಗಿಲು ಹಾಕು ಎಂದು ಎರಡು ಕೆಲಸ ಒಟ್ಟಿಗೆ ಹೇಳಿದರೆ ನೆನಪಿಟ್ಟುಕೊಳ್ಳುತ್ತಾನೆಯೇ? ಓರಗೆಯ ಮಕ್ಕಳೊಡನೆ ಆಡುತ್ತಾನೆಯೋ, ಎಳೆಯ ಮಕ್ಕಳೊಡನೆ ಮಾತ್ರವೋ? ಈ ಪ್ರಶ್ನೆಗಳಿಗೆ ಅವನ ಅಣ್ಣತಮ್ಮಂದಿರು ಅದೇ ವಯಸ್ಸಿನಲ್ಲಿ ಹೇಗಿದ್ದರೆಂದು ಹೋಲಿಸಿ ಉತ್ತರ ಪಡೆಯಬೇಕು. ಏಕೆಂದರೆ ಆ ಹೋಲಿಕೆಯಲ್ಲಿ ಭಾಷೆಯೂ ಒಂದೇ, ಮನೆಯೂ ಒಂದೇ.

ತಲೆ ತಗ್ಗಿಸಿದ್ದನ್ನೂ ದಡ್ಡತನವೆಂದು ಬಗೆಯಬಾರದು. ಹಿರಿಯರು ಮಾತನಾಡಿಸುವಾಗ ಎದುರು ನೋಡಬಾರದು, ಎದುರು ಮಾತನಾಡಬಾರದು ಎಂದು ಕಲಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಮನೆ ಕಲಿಸಿದ ವಿನಯಕ್ಕೆ ಶಾಲೆ ಅಂಕ ಕಳೆಯಬಾರದಷ್ಟೆ.

ಹೀಗೆಂದ ಮಾತ್ರಕ್ಕೆ ಎಲ್ಲವನ್ನೂ ಭಾಷೆಯ ಮೇಲೆ ಹೊರಿಸಿ ಕೈಕಟ್ಟಿ ಕೂರುವುದೂ ತಪ್ಪು. ಈ ಎರಡನೆಯ ತಪ್ಪು ಮೊದಲನೆಯದರಷ್ಟೇ ದೊಡ್ಡದು. 'ಅವರ ಮನೆಯಲ್ಲಿ ಬೇರೆ ಭಾಷೆ, ನಿಧಾನವಾಗಿ ಬರುತ್ತದೆ ಬಿಡಿ' ಎಂದು ಉಪಾಧ್ಯಾಯರೂ, 'ಅವರಪ್ಪನೂ ತಡವಾಗಿ ಮಾತು ಕಲಿತವರು' ಎಂದು ಅಜ್ಜಿಯೂ ಸಮಾಧಾನ ಹೇಳುತ್ತ ವರ್ಷಗಳು ಉರುಳುವುದುಂಟು. ನಿಜವಾಗಿ ಕೊರತೆಯಿರುವ ಮಗುವಿಗೆ ಮೂರು ನಾಲ್ಕನೆಯ ವಯಸ್ಸಿನಲ್ಲಿ ಸಿಗಬೇಕಾದ ನೆರವು ಹತ್ತನೆಯ ವಯಸ್ಸಿನವರೆಗೂ ಸಿಗುವುದಿಲ್ಲ. ಪರಭಾಷೆಯ ಮಗು ಶಾಲೆಯ ಮಾತಿನಲ್ಲಿ ತಡವರಿಸೀತು. ತನ್ನ ತಾಯಿಯ ಮಾತಿನಲ್ಲಿ ತಡವರಿಸದು. ತಾಯಿಯ ಮಾತಿನಲ್ಲಿಯೂ ವಯಸ್ಸಿಗೆ ತಕ್ಕ ನುಡಿ ಬಾರದಿದ್ದರೆ, ಮನೆಯ ಕೆಲಸದಲ್ಲಿಯೂ ಹಿಂದುಳಿದಿದ್ದರೆ, ಆಗ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಇಷ್ಟು ಸರಳವಾದ ಭೇದವನ್ನು ಪ್ರತಿಯೊಂದು ಮನೆಯವರೂ ಗುರುತಿಸಬಹುದು.

ಕೊರತೆಯಿದೆಯೆಂದು ಖಚಿತವಾಯಿತೆನ್ನಿ. ಮುಂದಿನ ಪ್ರಶ್ನೆ ಕಲಿಸುವುದು. ಇಲ್ಲಿ ಅನೇಕ ತಂದೆತಾಯಿಯರಿಗೆ ದೊರೆಯುವ ಬುದ್ಧಿವಾದವೊಂದುಂಟು: 'ಮಗುವಿಗೆ ಒಂದು ಭಾಷೆಯೇ ಭಾರ, ಆದ್ದರಿಂದ ಮನೆಯಲ್ಲಿಯೂ ಶಾಲೆಯ ಭಾಷೆಯನ್ನೇ ಆಡಿ.' ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ಅನುಭವವೂ ಸಂಶೋಧನೆಯೂ ಇದನ್ನು ಸಮರ್ಥಿಸುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಕುರಿತು ಕೆನಡಾದ ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಎರಡು ಭಾಷೆಯ ಮನೆಯಲ್ಲಿ ಬೆಳೆದ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಎರಡನೆಯ ಭಾಷೆ ಅವರಿಗೆ ಕೇಡು ಮಾಡಿರಲಿಲ್ಲ. ಇನ್ನೊಂದು ಕಡೆಯಿಂದ ಯೋಚಿಸಿ. ತಾಯಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಅವಳು ಮಗುವಿನೊಡನೆ ಎಷ್ಟು ಮಾತನಾಡಬಲ್ಲಳು? ಲಾಲಿ ಹಾಡುವುದೆಂತು, ಗದರುವುದೆಂತು, ಕಥೆ ಹೇಳುವುದೆಂತು? ಅಜ್ಜಿತಾತಂದಿರ ಮಾತು ತಿಳಿಯದೆ ಮಗು ತನ್ನ ಮನೆಯಲ್ಲಿಯೇ ಪರಕೀಯವಾಗುತ್ತದೆ. ಈ ಮಕ್ಕಳು ಬಹುಕಾಲ ಬಾಳಬೇಕಾದುದು ಮನೆಯವರ ನಡುವೆಯೇ. ಹಾಗಿರುವಾಗ ಮನೆಯ ಮಾತನ್ನು ಕಿತ್ತುಕೊಂಡು ನಾವು ಕೊಡುವುದಾದರೂ ಏನು?

ಆದ್ದರಿಂದ ಉಪಾಧ್ಯಾಯರು ಮನೆಯ ಮಾತನ್ನೇ ಮೆಟ್ಟಿಲಾಗಿ ಮಾಡಿಕೊಳ್ಳುವುದು ಒಳ್ಳೆಯದು. ಉಪಾಧ್ಯಾಯರಿಗೆ ಎಲ್ಲ ಭಾಷೆಗಳೂ ಬರಬೇಕೆಂದಲ್ಲ. ನಲವತ್ತು ಪದಗಳು ಸಾಕು. ನೀರು, ಊಟ, ಬಾ, ಕೂತುಕೋ, ಬೇಕು, ಸಾಕು, ನೋವು, ಅಮ್ಮ, ಹೊರಗೆ ಹೋಗಬೇಕು. ಇಂಥವನ್ನು ತಾಯಿಯಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಬಹುದು. ಅಕ್ಕಿಯನ್ನು ಕೈಯಲ್ಲಿ ಹಿಡಿಸಿ, ತುಳುವಿನ ಮಗುವಿಗೆ ಮೊದಲು 'ಅರಿ' ಎನ್ನಿ. ತೆಲುಗಿನ ಮಗುವಿಗೆ 'ಬಿಯ್ಯಂ' ಎನ್ನಿ. ಉರ್ದುವಿನ ಮಗುವಿಗೆ 'ಚಾವಲ್' ಎನ್ನಿ. ವಸ್ತು ಮತ್ತು ಹೆಸರು ಗಟ್ಟಿಯಾದ ಮೇಲೆ, ಅದೇ ಅಕ್ಕಿಯನ್ನು ತೋರಿಸಿ 'ಅಕ್ಕಿ' ಎನ್ನಿ. ತಿಳಿದುದರ ಮೇಲೆ ಹೊಸದನ್ನು ಇಟ್ಟರೆ ನಿಲ್ಲುತ್ತದೆ. ಬರಿಯ ಗಾಳಿಯ ಮೇಲೆ ಇಟ್ಟರೆ ಬೀಳುತ್ತದೆ.

ವಸ್ತುವನ್ನು ಕೈಯಲ್ಲಿ ಕೊಟ್ಟು ಕಲಿಸುವ ಈ ಕ್ರಮ ಹಳೆಯದು. 1800ರ ಸುಮಾರಿಗೆ ಫ್ರಾನ್ಸಿನ ಕಾಡಿನಲ್ಲಿ ಸಿಕ್ಕ ಮಾತು ಬಾರದ ಬಾಲಕನಿಗೆ ಇಟಾರ್ ಎಂಬ ವೈದ್ಯರು ವರ್ಷಗಟ್ಟಲೆ ಕಲಿಸಿದರು. ಅವರ ಶಿಷ್ಯರಾದ ಸೆಗ್ವಾ ಅವರು ಆ ವಿಧಾನವನ್ನು ಬುದ್ಧಿ ಬೆಳೆಯದ ಮಕ್ಕಳ ಶಾಲೆಗೆ ತಂದರು. ಅವರಿಬ್ಬರ ಬರಹಗಳನ್ನು ಓದಿ ರೋಮಿನಲ್ಲಿ ಅಂಥ ಮಕ್ಕಳಿಗೆ ಕಲಿಸಿದವರೇ ಮರಿಯಾ ಮಾಂಟೆಸೊರಿ. 1907ರಲ್ಲಿ ಅವರು ತೆರೆದ ಶಿಶುವಿಹಾರದ ಹೆಸರು ಇಂದು ನಮ್ಮ ಬೀದಿಬೀದಿಗಳಲ್ಲಿದೆ. ಎಲ್ಲ ಮಕ್ಕಳಿಗೂ ಹಿತವಾದ ಶಿಕ್ಷಣಕ್ರಮವೊಂದು ನಿಧಾನವಾಗಿ ಕಲಿಯುವ ಮಕ್ಕಳಿಂದ ನಮಗೆ ಬಂದ ಕೊಡುಗೆ ಎಂಬುದನ್ನು ಎಷ್ಟು ಮಂದಿ ಬಲ್ಲರು?

ಎರಡನೆಯ ಸೂತ್ರ, ಕೆಲಸವನ್ನು ತುಂಡು ತುಂಡು ಮಾಡುವುದು. 'ಅಂಗಿ ಹಾಕಿಕೋ' ಎಂಬುದು ನಮಗೆ ಒಂದು ಕೆಲಸ. ಈ ಮಗುವಿಗೆ ಅದು ಹತ್ತು ಕೆಲಸ. ಕೊನೆಯ ತುಂಡಿನಿಂದ ಆರಂಭಿಸುವುದು ಒಳ್ಳೆಯ ಉಪಾಯ. ಎಲ್ಲ ಗುಂಡಿಗಳನ್ನೂ ನೀವೇ ಹಾಕಿ, ಕಡೆಯ ಗುಂಡಿಯನ್ನು ಮಾತ್ರ ಮಗುವಿಗೆ ಬಿಡಿ. ಅದು ಬಂದ ಮೇಲೆ ಕಡೆಯ ಎರಡನ್ನು ಬಿಡಿ. ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಮಗುವಿನದಾಗುತ್ತದೆ. ಅದೇ ಮಾತು, ಅದೇ ಕ್ರಮ, ಅದೇ ಹೊತ್ತು ದಿನದಿನವೂ ಇರಬೇಕು. ಇಂದು ಅಮ್ಮ ಒಂದು ರೀತಿ, ನಾಳೆ ಉಪಾಧ್ಯಾಯರು ಒಂದು ರೀತಿ ಹೇಳಿದರೆ ಮಗು ಕಂಗಾಲಾಗುತ್ತದೆ. ಶಾಲೆ ಮತ್ತು ಮನೆ ಕೂಡಿ ಮಾತನಾಡಿಕೊಳ್ಳಬೇಕೆಂಬುದು ಇದಕ್ಕಾಗಿಯೇ.

ಮೂರನೆಯದು, ಪಾಠ ಮನೆಯ ಬಾಳಿಗೆ ಹೊಂದಬೇಕು. ಊಟವನ್ನೇ ತೆಗೆದುಕೊಳ್ಳಿ. ಜೋಳದ ರೊಟ್ಟಿಯನ್ನು ಬೆರಳುಗಳಿಂದ ಮುರಿಯಬೇಕು; ರಾಗಿಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗಬೇಕು; ಗಂಜಿಯ ಕ್ರಮವೇ ಬೇರೆ. ಮನೆಯಲ್ಲಿ ನೆಲದ ಮೇಲೆ ಕುಳಿತು ಮುದ್ದೆ ಉಣ್ಣುವ ಮಗುವಿಗೆ ಶಾಲೆಯಲ್ಲಿ ಮೇಜಿನ ಮೇಲೆ ಚಮಚ ಹಿಡಿಯುವುದನ್ನು ಆರು ತಿಂಗಳು ಕಲಿಸಿದರೆ, ಮನೆಗೆ ಬಂದಾಗ ಆ ವಿದ್ಯೆ ಎಲ್ಲಿ ಉಪಯೋಗಕ್ಕೆ ಬಂತು? ಲೆಕ್ಕ ಕಲಿಸುವುದಿದ್ದರೆ ಅವರ ಬೀದಿಯ ಅಂಗಡಿಯಲ್ಲಿ ಅವರು ಕೊಳ್ಳುವ ಸಾಮಾನಿನಿಂದ ಆರಂಭಿಸಿ. ಮಗು ಏನು ಕಲಿತರೆ ನಿಮಗೆ ಅನುಕೂಲವೆಂದು ತಾಯಿತಂದೆಯರನ್ನು ಕೇಳಿ. ಒಬ್ಬರು, 'ಒಬ್ಬನೇ ಬಸ್ಸು ಹತ್ತುವಂತಾಗಲಿ' ಎಂದಾರು. ಇನ್ನೊಬ್ಬರು, 'ಹಬ್ಬದ ದಿನ ನಾಲ್ವರ ನಡುವೆ ಅಚ್ಚುಕಟ್ಟಾಗಿ ಕೂತು ಉಣ್ಣಲಿ' ಎಂದಾರು. ಎರಡೂ ದೊಡ್ಡ ಗುರಿಗಳೇ. ಹೆಣ್ಣುಮಗಳು ದೊಡ್ಡವಳಾಗುವ ಕಾಲದಲ್ಲಂತೂ ಶುಚಿತ್ವವನ್ನು ಕಲಿಸುವುದಕ್ಕೆ ಮನೆಯ ರೀತಿಯನ್ನು ತಾಯಿಯಿಂದ ಮೊದಲೇ ತಿಳಿದುಕೊಂಡು, ಇಬ್ಬರೂ ಒಂದೇ ಕ್ರಮ ಹಿಡಿಯಬೇಕು.

ಇವೆಲ್ಲ ಆಸೆಯ ಮಾತುಗಳಲ್ಲ. ಕಾನೂನಿನ ಬೆಂಬಲವೂ ಉಂಟು. ಶಿಕ್ಷಣವು ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆ ಹೇಳುತ್ತದೆ. ಶೇಕಡ 40ಕ್ಕೆ ಕಡಮೆಯಿಲ್ಲದ ಅಂಗವೈಕಲ್ಯವೆಂದು ಪ್ರಮಾಣಪತ್ರ ಪಡೆದ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ಕಾಯಿದೆ ಕೊಟ್ಟಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ವೈದ್ಯತಂಡ ಬಂದು ಮಕ್ಕಳನ್ನು ನೋಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಇವುಗಳಲ್ಲಿ ಬುದ್ಧಿ, ಮಾತು, ಕಿವಿ, ಇವುಗಳ ಪರೀಕ್ಷೆಗೆ ಏರ್ಪಾಡುಗಳಿವೆ. ಪರೀಕ್ಷೆಗೆ ಹೋದಾಗ, 'ನಮ್ಮ ಮನೆಯ ಮಾತು ಇದು. ಈ ಮಾತಿನಲ್ಲಿಯೂ ಮಗುವನ್ನು ಕೇಳಿ ನೋಡಿ' ಎಂದು ಹೇಳಲು ಸಂಕೋಚ ಪಡಬೇಡಿ.

ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿರಬಹುದು. ಆದರೆ ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಗುಡಿಸಲಿನಲ್ಲಿ, ಎದುರಿಗೆ ಏಳುತ್ತಿರುವ ಕಟ್ಟಡದ ತಗಡಿನ ಮನೆಯಲ್ಲಿ ಇದ್ದೀತು. 2011ರ ಜನಗಣತಿ ದೇಶದಲ್ಲಿ ಇಂಥವರು ಸುಮಾರು 15 ಲಕ್ಷವೆಂದು ಎಣಿಸಿತು. ಆ ತಾಯಿಗೆ ಆಸ್ಪತ್ರೆಯ ದಾರಿಯೂ ಗೊತ್ತಿಲ್ಲ, ಅಲ್ಲಿನ ಮಾತೂ ಬಾರದು. ಅವಳ ಭಾಷೆಯನ್ನೂ ಕನ್ನಡವನ್ನೂ ಬಲ್ಲವರು ನೀವಾಗಿದ್ದರೆ, ಒಂದು ಬೆಳಗಿನ ಹೊತ್ತು ಬಿಡುವು ಮಾಡಿಕೊಂಡು ಅವರೊಡನೆ ಹೋಗಿಬನ್ನಿ. ವೈದ್ಯರ ಪ್ರಶ್ನೆಯನ್ನು ಅವಳಿಗೂ ಅವಳ ಉತ್ತರವನ್ನು ವೈದ್ಯರಿಗೂ ಮುಟ್ಟಿಸಿ. ನಿಮಗೆ ಅದು ಅರ್ಧ ದಿನದ ಕೆಲಸ. ಆ ಮಗುವಿಗಾದರೋ, ಯಾವ ಬೆಂಚಿನ ಮೇಲೆ ಕೂರಬೇಕು, ಯಾರಿಂದ ಏನು ಕಲಿಯಬೇಕು ಎಂಬುದು ಅಂದು ತೀರ್ಮಾನವಾಗುತ್ತದೆ.